ವೃದ್ಧಾಶ್ರಮವಾಸಿಗಳ ಜೀವನತೃಪ್ತಿ: ಸ್ವಭಾವದ ಪಾಲೆಷ್ಟು, ನೆಲೆಯ ಪಾಲೆಷ್ಟು

ಮುಪ್ಪಿನಲ್ಲಿ ಮನುಷ್ಯನಿಗೆ ತನ್ನ ಬಾಳಿನ ಬಗ್ಗೆ ಇರುವ ಸಮಾಧಾನವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಸಾಧನವೊಂದು ಸಿದ್ಧವಾದದ್ದು 1961ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯ ಅಧ್ಯಯನಗಳಿಂದ. ವಯಸ್ಸಾದಂತೆ ವ್ಯಕ್ತಿಯೂ ಸಮಾಜವೂ ಪರಸ್ಪರ ದೂರ ಸರಿಯುವುದು ಸಹಜವೆನ್ನುವ ‘ವಿಮುಖತೆಯ ಸಿದ್ಧಾಂತ’ವನ್ನು ಕಮಿಂಗ್ ಮತ್ತು ಹೆನ್ರಿ ಆ ವರ್ಷವೇ ಮಂಡಿಸಿದರು, ಅದೇ ಅಧ್ಯಯನದ ನ್ಯೂಗಾರ್ಟನ್, ಹ್ಯಾವಿಗ್‌ಹರ್ಸ್ಟ್ ಮತ್ತು ಟೋಬಿನ್ ಬದುಕಿನ ಹುರುಪು, ಗತಿಸಿದ್ದನ್ನು ಒಪ್ಪಿಕೊಂಡ ಸ್ಥೈರ್ಯ, ಬಯಸಿದ್ದಕ್ಕೂ ದಕ್ಕಿದ್ದಕ್ಕೂ ಇರುವ ಹೊಂದಿಕೆ, ತನ್ನ ಬಗೆಗಿನ ಗೌರವ ಮತ್ತು ಮನಸ್ಸಿನ ಒಟ್ಟು ಲಹರಿ ಎಂಬ ಐದು ಅಂಶಗಳ ಮೇಲೆ ಜೀವನತೃಪ್ತಿ ಸೂಚಿಯನ್ನು ಕಟ್ಟಿದರು. ಚಟುವಟಿಕೆಯಿಂದಿರುವವರೆಲ್ಲ ತೃಪ್ತರಲ್ಲ, ದೂರ ಸರಿದವರೆಲ್ಲ ಅತೃಪ್ತರೂ ಅಲ್ಲ ಎಂದು ಕಂಡ ಇವರು ಮುಂದೆ ವ್ಯಕ್ತಿತ್ವವೇ ಇದರ ಕೀಲು ಎಂದರು. ಜನರೊಡನೆ ಬೆರೆಯುವ ಬಹಿರ್ಮುಖತೆ ನಲಿವನ್ನೂ, ಬೇಗನೆ ಕಳವಳಕ್ಕೀಡಾಗುವ ಭಾವಾಸ್ಥಿರತೆ ಅಸಮಾಧಾನವನ್ನೂ ಹೆಚ್ಚಿಸುತ್ತವೆಂದು 1980ರಲ್ಲಿ ಕೋಸ್ಟಾ ಮತ್ತು ಮೆಕ್‌ಕ್ರೇ ತೋರಿಸಿದ ಮೇಲೆ ಆ ಮಾತು ಗಟ್ಟಿಯಾಯಿತು. ಕಾನ್ಸಾಸ್ ಸಿಟಿಯವರು ಮಾತನಾಡಿಸಿದ್ದು ಮಾತ್ರ ತಮ್ಮ ತಮ್ಮ ಮನೆಗಳಲ್ಲಿದ್ದ ಹಿರಿಯರನ್ನು.

ಆಶ್ರಮದೊಳಗಿನ ಬದುಕಿನತ್ತ ಕಣ್ಣು ಹೊರಳಿಸಿದವರು ಸಮಾಜಶಾಸ್ತ್ರಜ್ಞ ಗಾಫ್‌ಮನ್. ಉಣ್ಣುವುದು, ಮಲಗುವುದು, ಕೆಲಸ ಎಲ್ಲವೂ ಒಂದೇ ಸೂರಿನಡಿ ಒಂದೇ ಆಡಳಿತದ ವೇಳಾಪಟ್ಟಿಯಂತೆ ನಡೆಯುವ ನೆಲೆಗಳನ್ನು ಅವರು 1961ರಲ್ಲಿ ‘ಸಮಗ್ರ ಸಂಸ್ಥೆ’ಗಳೆಂದು ಕರೆದು, ವೃದ್ಧರ ನಿಲಯಗಳನ್ನೂ ಆ ಸಾಲಿಗೆ ಸೇರಿಸಿದರು. ಟೋಬಿನ್ ಮತ್ತು ಲೀಬರ್‌ಮನ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹಿಂದಕ್ಕೆ ಹೋಗಿ, ಪ್ರವೇಶಕ್ಕಾಗಿ ಕಾಯುತ್ತಿದ್ದ ಹಿರಿಯರನ್ನೇ ಪರೀಕ್ಷಿಸಿತು. ಆಶ್ರಮವಾಸದ ಫಲವೆಂದು ಭಾವಿಸಲಾಗಿದ್ದ ಕುಗ್ಗುವಿಕೆಯ ಬಹುಪಾಲು, ತಾವು ಮನೆಯಿಂದ ಹೊರಬೀಳಲಿದ್ದೇವೆಂಬ ಅರಿವು ಮೂಡಿದ ಆ ಕಾಯುವ ದಿನಗಳಲ್ಲೇ ಕಾಣಿಸಿಕೊಂಡಿತ್ತು. ಸ್ಥಳಾಂತರದ ಪೆಟ್ಟನ್ನು ತಾಳಿಕೊಂಡವರಲ್ಲಿ ಸಿಡುಕಿನವರು, ಜಗಳಗಂಟರು, ಬಿಟ್ಟುಕೊಡದವರು ಎದ್ದುಕಂಡರೆಂಬುದು ಅದರ ಮತ್ತೊಂದು ಫಲಿತಾಂಶ. ಹೊಂದಿಕೊಂಡು ಹೋಗುವ ಹಿರಿಯರನ್ನೇ ಮೆಚ್ಚುವ ಆಡಳಿತಗಾರರಿಗೆ ಇದು ಹಿತವಾದ ಸುದ್ದಿಯಲ್ಲ.

ಕಷ್ಟವನ್ನು ವ್ಯಕ್ತಿ ಹೇಗೆ ಎದುರಿಸುತ್ತಾನೆಂಬುದಕ್ಕೆ, ಅಂದರೆ ನಿಭಾವಣೆಗೆ, ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಖಚಿತ ರೂಪ ಕೊಟ್ಟು, ಸಮಸ್ಯೆಯನ್ನೇ ಬದಲಿಸಲೆತ್ನಿಸುವ ಬಗೆ, ಸಮಸ್ಯೆಯಿಂದೆದ್ದ ಭಾವನೆಯನ್ನು ಶಮನಗೊಳಿಸುವ ಬಗೆ ಎಂದು ಎರಡಾಗಿ ವಿಂಗಡಿಸಿದರು. ಮೊದಲನೆಯದಕ್ಕೆ ಅವಕಾಶವೇ ಇಲ್ಲದ ನೆಲೆಯಲ್ಲಿ ಎರಡನೆಯದನ್ನು ಸ್ವಭಾವವೆಂದು ಬರೆದುಕೊಳ್ಳುವ ತಪ್ಪು ಸುಲಭವಾಗಿ ಆಗುತ್ತದೆ. ಅವಕಾಶ ಕೊಟ್ಟರೆ ಏನಾಗುತ್ತದೆಂಬುದನ್ನು ಲ್ಯಾಂಗರ್ ಮತ್ತು ರೋಡಿನ್ 1976ರಲ್ಲಿ ಕನೆಕ್ಟಿಕಟ್‌ನ ನಿಲಯವೊಂದರಲ್ಲಿ ಪರೀಕ್ಷಿಸಿದರು: ಒಂದು ಮಹಡಿಯವರಿಗೆ ಸಸಿಯೊಂದನ್ನು ತಾವೇ ಆರಿಸಿ ಸಾಕುವ, ಸಿನಿಮಾ ನೋಡುವ ದಿನವನ್ನು ತಾವೇ ಗೊತ್ತುಮಾಡುವ ಹೊಣೆ ಸಿಕ್ಕಿತು, ಇನ್ನೊಂದು ಮಹಡಿಯವರಿಗೆ ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆಂದು ಹೇಳಲಾಯಿತು. ಮೊದಲಿನವರು ಹೆಚ್ಚು ಚುರುಕಾದರು. ಷುಲ್ಟ್ಸ್ ಮತ್ತು ಹನುಸಾ 1978ರಲ್ಲಿ ವರದಿ ಮಾಡಿದ್ದು ಕಹಿಯಾದದ್ದು. ಭೇಟಿಗೆ ಬರುವವರ ಸಮಯವನ್ನು ತಾವೇ ನಿರ್ಧರಿಸುತ್ತಿದ್ದ ಹಿರಿಯರು, ಆ ಭೇಟಿಗಳು ನಿಂತ ಮೇಲೆ ಗಳಿಸಿದ್ದನ್ನು ಕಳೆದುಕೊಂಡು ಇನ್ನಷ್ಟು ಕುಗ್ಗಿದ್ದರು. ದೇಹಶಕ್ತಿ ಕುಂದಿದಷ್ಟೂ ಪರಿಸರದ ಹಿಡಿತ ಬಿಗಿಯಾಗುತ್ತದೆಂಬ ಲಾಟನ್‌ರ ವಿವರಣೆಯನ್ನು ಇದರೊಡನೆ ಓದಿದರೆ, ಸ್ವಭಾವವೊಂದನ್ನೇ ಹೊಣೆಯಾಗಿಸುವ ವಾದ ಸಡಿಲವಾಗುತ್ತದೆ.

ಭಾರತದಲ್ಲಿ ಈ ಶಾಖೆಗೆ ಬುನಾದಿ ಹಾಕಿದವರಲ್ಲಿ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪಿ.ವಿ. ರಾಮಮೂರ್ತಿ ಪ್ರಮುಖರು, ಅವರೂ ಜಮುನಾ ಅವರೂ ತೃಪ್ತ ಮುಪ್ಪಿನ ಕಾರಣಗಳಲ್ಲಿ ಆರೋಗ್ಯ, ವಯಸ್ಸಿನ ಬದಲಾವಣೆಗಳ ಸ್ವೀಕಾರ ಇವುಗಳ ಜೊತೆಗೆ ಕರ್ಮದಲ್ಲಿನ ನಂಬಿಕೆಯನ್ನೂ ಗುರುತಿಸಿದರು. ಕಾನೂನು ತಡವಾಗಿ ಬಂತು. ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದರಿಂದ ಆರಂಭಿಸಿ, ಕನಿಷ್ಠ 150 ಜನರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ತೆರೆಯಬಹುದೆಂದು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮು ಹೇಳುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಿಂತು ನೋಡಿದರೆ ಈ ‘ಜಿಲ್ಲೆಗೊಂದು’ ಎಂಬ ಅಳತೆಯೇ ಮನೋವೈಜ್ಞಾನಿಕ ಪ್ರಶ್ನೆಯಾಗುತ್ತದೆ. ಸಿಂದಗಿಯಿಂದ ಜಿಲ್ಲಾ ಕೇಂದ್ರ ಸುಮಾರು 60 ಕಿಲೋಮೀಟರ್. ಷುಲ್ಟ್ಸ್‌ರ ಪ್ರಯೋಗ ತೋರಿಸಿದಂತೆ ಭೇಟಿ ನಿಂತುಹೋಗುವುದು ಭೇಟಿಯೇ ಇಲ್ಲದಿರುವುದಕ್ಕಿಂತ ಕೆಟ್ಟದಾಗಬಹುದಾದ್ದರಿಂದ, ಈ ದೂರ ಕೇವಲ ಬಸ್ ಚಾರ್ಜಿನ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಮಕ್ಕಳು ಮಹಾರಾಷ್ಟ್ರ, ಗೋವೆಗಳ ಕಡೆಗೆ ಗುಳೆ ಹೋದಾಗ ಊರಲ್ಲಿ ಉಳಿಯುವ ಮುದುಕ ಮುದುಕಿಯರು ಆಶ್ರಮದ ಕೇಳಿಕೆಗೆ ಬಂದರೆ, ಅದನ್ನು ಮಕ್ಕಳ ನಿರ್ದಯೆಯೆಂದು ಸಾರಾಸಗಟಾಗಿ ಓದುವುದೂ ಸರಿಯಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಕೊಲ್ಹಾರದಂಥ ಊರುಗಳಿಂದ ಪುನರ್ವಸತಿ ಕೇಂದ್ರಗಳಿಗೆ ಸರಿದ ಹಿರಿಯರು ಒಂದು ಸ್ಥಳಾಂತರವನ್ನು ಆಗಲೇ ಉಂಡವರು. ಅವರ ಸ್ಥೈರ್ಯವೂ ಅವರ ಕಹಿಯೂ ಆ ಅನುಭವದ ಗುರುತು ಹೊತ್ತಿರಬಲ್ಲವು. ಇಷ್ಟಲಿಂಗ ಪೂಜೆ ಅಂಗೈಯೊಡನೆ ಆಶ್ರಮಕ್ಕೂ ಬರುತ್ತದೆ. ಊರ ಜಾತ್ರೆ, ಗುಡಿಕಟ್ಟೆಯ ಮಾತುಕತೆ, ಶ್ರಾವಣದ ಪುರಾಣ ಬರುವುದಿಲ್ಲ. ನಂಬಿಕೆಯ ನಿಭಾವಣೆಯನ್ನು ಅಳೆಯುವ ಪ್ರಶ್ನಾವಳಿಗಳು ಈ ಎರಡನ್ನೂ ಬೇರೆಬೇರೆಯಾಗಿಯೇ ಕೇಳಬೇಕಾಗುತ್ತದೆ.

ಜೀವನತೃಪ್ತಿ ಸೂಚಿಯ ‘ಬಯಸಿದ್ದು ದಕ್ಕಿತೇ’ ಎಂಬ ಪ್ರಶ್ನೆಗೆ ಮಕ್ಕಳ ಲಗ್ನ, ಹೊಲದ ಸಾಲ, ಮೊಮ್ಮಗನ ನೌಕರಿಗಳ ಲೆಕ್ಕದಲ್ಲಿ ಉತ್ತರಿಸುವ ಹಿರಿಯರ ಅಂಕಗಳು ಅವರೊಬ್ಬರ ತೃಪ್ತಿಯನ್ನಷ್ಟೇ ಹೇಳುವುದಿಲ್ಲ. ಆದ್ದರಿಂದ ಈ ನಾಲ್ಕು ತಾಲೂಕುಗಳಲ್ಲಿ ಮಾಡಬೇಕಾದ ಅಧ್ಯಯನ ಟೋಬಿನ್ ಮತ್ತು ಲೀಬರ್‌ಮನ್‌ರಂತೆ ಪ್ರವೇಶಕ್ಕೆ ಮೊದಲೇ ಆರಂಭವಾಗಿ, ಆಶ್ರಮಕ್ಕೆ ಹೋಗುವ ನಿರ್ಧಾರ ಯಾರದು, ಹೋದ ಮೇಲೆ ಯಾವ ನಿರ್ಧಾರ ಹಿರಿಯರ ಕೈಯಲ್ಲೇ ಉಳಿಯಿತು ಎಂಬುದನ್ನು ವ್ಯಕ್ತಿತ್ವದ ಅಂಕಗಳ ಪಕ್ಕದಲ್ಲೇ ದಾಖಲಿಸಬೇಕಾಗಿದೆ.