ಗೋಷ್ಠಿಯ ಮಾತು, ಜಾಲದ ಮಾತು

ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಕೇವಲ ಏಕಾಂತದ ಸೊತ್ತೆಂದು ಬಗೆಯಲಿಲ್ಲ. ಅರಿವು ಮಾತಿಗಿಳಿಯಬೇಕು, ಆ ಮಾತು ಇದಿರಿನವರ ಪ್ರಶ್ನೆಗೆ ಒಡ್ಡಿಕೊಳ್ಳಬೇಕು ಎಂಬುದೇ ಅವರ ಗೋಷ್ಠಿಯ ಮರ್ಮ. ಅನುಭವಮಂಟಪದ ಸ್ವರೂಪವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೆ ಆ ಸಂವಾದವನ್ನು ಪರಂಪರೆಯು ಹೇಗೆ ಕಂಡಿತೆಂಬುದಕ್ಕೆ ಶೂನ್ಯಸಂಪಾದನೆಗಳೇ ಸಾಕ್ಷಿ. ಶಿವಗಣಪ್ರಸಾದಿ ಮಹದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಸಂಕಲನಕಾರರು ಬಿಡಿ ವಚನಗಳನ್ನು ಪ್ರಶ್ನೋತ್ತರದ ಎಳೆಯಲ್ಲಿ ಪೋಣಿಸಿದರು. ಸಿದ್ಧವೀರಣ್ಣೊಡೆಯನ ಕೃತಿಯನ್ನು ಡಾ. ಫ.ಗು. ಹಳಕಟ್ಟಿಯವರು ೧೯೩೦ರಲ್ಲಿ ಪ್ರಕಟಿಸಿದರು.

ಈ ಕೃತಿಗಳ ಸಂವಾದವು ಸದಾ ಸೌಮ್ಯವಾದುದಲ್ಲ. ಸೊನ್ನಲಿಗೆಯಲ್ಲಿ ಅಲ್ಲಮನು ಸಿದ್ಧರಾಮನ ಕೆರೆಯ ಕಾಯಕವನ್ನೇ ಹಳಿದಾಗ ಅಲ್ಲಿದ್ದವರು ಕೆರಳಿ ಕಲ್ಲೆಸೆದರು, ಸಿದ್ಧರಾಮನೂ ಕೋಪಗೊಂಡನು. ಆದರೂ ಮಾತು ಮುರಿಯಲಿಲ್ಲ. ಕೆಣಕಿದವನು ಓಡಿಹೋಗಲಿಲ್ಲ, ಕೆರಳಿದವನು ಕೇಳುವುದನ್ನು ಬಿಡಲಿಲ್ಲ. ಕಡೆಗೆ ಇಬ್ಬರೂ ಕಲ್ಯಾಣಕ್ಕೆ ಜೊತೆಯಾಗಿ ನಡೆದರು. ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದಿದಳು. ಅಲ್ಲಿ ಪ್ರಶ್ನಿಸುವ ಅಧಿಕಾರಕ್ಕೆ ಸ್ಥಾನಮಾನ ಅಡ್ಡಬರಲಿಲ್ಲ.

ಇಂದಿನ ಸಾಮಾಜಿಕ ಜಾಲತಾಣಗಳೂ ಎಲ್ಲರಿಗೂ ಬಾಯಿ ಕೊಟ್ಟಿವೆ. ಗ್ರಂಥಾಲಯವಿಲ್ಲದ ಊರಿಗೂ ವಚನವು ತಲಪುತ್ತಿರುವುದು ಸಣ್ಣ ಉಪಕಾರವಲ್ಲ. ಆದರೆ ಹಾಗೆ ತಲಪುವ ವಚನವು ಹಲವೊಮ್ಮೆ ಅಂಕಿತವನ್ನೂ ಸಂದರ್ಭವನ್ನೂ ಕಳೆದುಕೊಂಡಿರುತ್ತದೆ. ಯಾರದೋ ಹೊಸ ಸಾಲು ಬಸವಣ್ಣನವರ ಹೆಸರಿನಲ್ಲಿ ಸಂಚರಿಸುತ್ತದೆ. ಪದೇ ಪದೇ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದೇ ಬಳಗಕ್ಕೆ ಕಳುಹಿಸುವಂತೆ ವಾಟ್ಸ್ಆ್ಯಪ್ ಸಂಸ್ಥೆಯು ೨೦೨೦ರಲ್ಲಿ ಮಿತಿ ಹೇರಿತು. ಆ ಕ್ರಮವು ಮಾತಿನ ವೇಗವನ್ನು ತಗ್ಗಿಸೀತು, ಸತ್ಯಾಸತ್ಯವನ್ನು ವಿವೇಚಿಸಲಾರದು.

ಆ ವಿವೇಚನೆಗೆ ತರಗತಿಯೇ ತಕ್ಕ ನೆಲೆ. ಅಲ್ಲಿ ವಿದ್ಯಾರ್ಥಿಯು ಪಾಠಾಂತರವನ್ನು ಹೋಲಿಸಬಲ್ಲನು, ಅಂಕಿತವನ್ನು ಪರಿಶೀಲಿಸಬಲ್ಲನು; ತಪ್ಪಾಡಿದವನು ಮರುದಿನವೂ ಅದೇ ಸಹಪಾಠಿಗಳ ಮುಖ ನೋಡಬೇಕಾದುದರಿಂದ ಆಡಿದ ಮಾತಿಗೆ ಹೊಣೆಗಾರನಾಗುತ್ತಾನೆ. ಆದರೆ ಗುರುವೊಬ್ಬನೇ ನುಡಿದು ಶಿಷ್ಯರು ಬರೆದುಕೊಳ್ಳುವ ತರಗತಿಯು ಗೋಷ್ಠಿಯೆನಿಸದು. ಲಕ್ಕಮ್ಮನಂತಹ ಪ್ರಶ್ನೆಗೆ ಎಡೆಯಿಲ್ಲದಿದ್ದಲ್ಲಿ ವಿದ್ಯಾರ್ಥಿಯು ಜಾಲದ ಗದ್ದಲವನ್ನೇ ಸ್ವಾತಂತ್ರ್ಯವೆಂದು ನಂಬಿದರೆ ಅಚ್ಚರಿಯಿಲ್ಲ.

ಆದ್ದರಿಂದ ಜಾಲದಲ್ಲಿ ದೊರೆತ ವಚನವನ್ನು ತರಗತಿಗೆ ತಂದು, ಮುದ್ರಿತ ಸಂಪುಟದೊಡನೆ ಒರೆಹಚ್ಚಿ, ನಿರ್ಭೀತಿಯಿಂದ ಚರ್ಚಿಸುವ ಪರಿಪಾಠ ಬೆಳೆಯಬೇಕು. ಶರಣರ ನುಡಿಗೆ ಸಲ್ಲುವ ಗೌರವವು ಅದನ್ನು ಹಂಚುವುದರಿಂದಷ್ಟೇ ಪೂರ್ಣವಾಗದು. ಅರಿತು ನುಡಿಯುವುದೂ ಅದಕ್ಕೆ ಬೇಕು.