ಶಸ್ತ್ರಚಿಕಿತ್ಸೆಯ ನಂತರದ ಲೆಕ್ಕ

ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿದರೂ ನಿಮಿರುವಿಕೆ ಹೋಗುವುದು ಬಹುಕಾಲ ತೆರಲೇಬೇಕಾದ ಬೆಲೆ ಎನಿಸಿತ್ತು. ಅದಕ್ಕೆ ಬೇಕಾದ ನರಗಳು ಎಲ್ಲಿ ಹಾಯುತ್ತವೆಂಬುದು ವೈದ್ಯರಿಗೇ ಸ್ಪಷ್ಟವಿರಲಿಲ್ಲ. 1981ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಪೀಟರ್ ಡಾಂಕರ್ ಮತ್ತು ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಅವು ಗ್ರಂಥಿಯ ಹೊರಬದಿಯಲ್ಲಿವೆ ಎಂದು ಗುರುತಿಸಿದರು. ಮರುವರ್ಷ ವಾಲ್ಶ್ ಅವನ್ನು ಉಳಿಸಿಯೇ ಶಸ್ತ್ರಚಿಕಿತ್ಸೆ ಮಾಡಿದರು. ಆದರೂ ಉಳಿದ ನರ ಚೇತರಿಸಲು ಎರಡು ವರ್ಷವೂ ಹಿಡಿದೀತು.

ಜಪಾನ್ ಸಿಲ್ಡೆನಾಫಿಲ್ ಮಾತ್ರೆಗೆ 1999ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅಮೆರಿಕ ಒಪ್ಪಿ ವರ್ಷವೂ ಆಗಿರಲಿಲ್ಲ. ವರ್ಷಗಟ್ಟಲೆ ಕಾದಿದ್ದ ಹೆಂಗಸರ ಗರ್ಭನಿರೋಧಕ ಗುಳಿಗೆಗೆ ಒಪ್ಪಿಗೆ ಸಿಕ್ಕಿದ್ದು ಅದಾದ ಮೇಲೆ. 2003ರಲ್ಲಿ ಚಕ್ರವರ್ತಿ ಅಕಿಹಿತೊ ಅವರಿಗೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದಾಗ ರೋಗದ ಹೆಸರನ್ನು ಮುಚ್ಚಿಡಲಿಲ್ಲ.

ಶಿನಾಗಾವಾದಲ್ಲಿ ಕೂತು ಲೆಕ್ಕ ನೋಡುವ ನನ್ನ ಕಣ್ಣಿಗೆ ಬೀಳುವುದು ಖಾತೆಯ ವ್ಯತ್ಯಾಸ. ರೋಬೋಟ್ ನೆರವಿನ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ 2012ರಿಂದ ಇಲ್ಲಿ ಸಾರ್ವಜನಿಕ ವಿಮೆಯಿದೆ. 2022ರಿಂದ ಈ ಮಾತ್ರೆಗಳಿಗೂ ಇದೆ, ಆದರೆ ಬಂಜೆತನದ ಚಿಕಿತ್ಸೆಗೆ ಮಾತ್ರ. ಮಗುವಿಗಾದರೆ ಚಿಕಿತ್ಸೆ, ಹೆಂಡತಿಯ ಸಂಗಕ್ಕಾದರೆ ಸ್ವಂತ ಖರ್ಚು! ಅರವತ್ತು ದಾಟಿದ ರೋಗಿ ಪೂರ್ತಿ ಹಣ ತೆರಬೇಕು.

ನಮ್ಮವರಲ್ಲಿ ಖರ್ಚಿಗಿಂತ ಸಂಕೋಚ ದೊಡ್ಡದು. ಮಾತ್ರೆ ಫಲಿಸದವರಿಗೆ ನಿರ್ವಾತ ಪಂಪು, ಚುಚ್ಚುಮದ್ದು, ಒಳಗೆ ಕೂರಿಸುವ ಸಾಧನಗಳಿವೆ ಎಂಬುದೇ ಎಷ್ಟೋ ಜನರಿಗೆ ತಿಳಿಯದು. ಹೃದಯಕ್ಕೆ ನೈಟ್ರೇಟ್ ಸೇವಿಸುವವರಿಗೆ ಈ ಮಾತ್ರೆ ಅಪಾಯಕಾರಿ. ಆದ್ದರಿಂದ ಅಂಗಡಿಯಲ್ಲಿ ಗುಟ್ಟಾಗಿ ಕೊಳ್ಳುವ ಬದಲು, ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಹೆಂಡತಿಯನ್ನೂ ಜೊತೆಗೆ ಕರೆದೊಯ್ದು, ವೈದ್ಯರನ್ನು ಬಾಯಿಬಿಟ್ಟು ಕೇಳುವುದು ಮೇಲು.