ಬಿಸಿಲಿಗೆ ಗೇರು ಸಿಪ್ಪೆಯ ಕೊಡೆ

ಗೇರುಬೀಜ ಸುಲಿಯುವ ಹೆಂಗಸರ ಕೈ ನೋಡಿದರೆ ಸಾಕು, ಸಿಪ್ಪೆಯೊಳಗಿನ ಎಣ್ಣೆ ಎಂಥ ಉಗ್ರ ಎಂಬುದು ತಿಳಿಯುತ್ತದೆ. ರಕ್ಷಣೆಯಿಲ್ಲದೆ ದುಡಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಬೆರಳ ಗೆರೆಗಳೂ ಮಾಸುತ್ತವೆ. ತಿರುಳು ಪೇಟೆಗೆ ಹೋದ ಮೇಲೆ ಉಳಿಯುವ ಸಿಪ್ಪೆ ಹಲವೆಡೆ ಬರೀ ಉರುವಲು. ಆದರೆ ಚರ್ಮ ಸುಡುವ ಅದೇ ಎಣ್ಣೆಯಿಂದ ಬಿಸಿಲಿನ ಹೊಡೆತವನ್ನು ತಡೆಯಬಹುದು ಎನ್ನುತ್ತದೆ ವಿಜ್ಞಾನ.

ಗೇರು ಮೂಲತಃ ಬ್ರೆಜಿಲ್‌ನ ಮರ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅಲ್ಲಿನ ತುಪಿ ಜನರ 'ಅಕಾಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಯಿತು. ಕನ್ನಡದಲ್ಲಿ ಮಾತ್ರ ಅದು ಕರಿಗೇರಿನ ಜೊತೆ ಹೆಸರು ಹಂಚಿಕೊಂಡಿತು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಇದೇ ಕುಟುಂಬದ್ದು. ಅದರ ಸೊನೆಯೂ ಚರ್ಮವನ್ನು ಸುಡುತ್ತದೆ.

ಗೇರೆಣ್ಣೆಯ ಗುಣವನ್ನು ಕರಾವಳಿಯ ಜನ ಬೇಗ ಅರಿತರು. ಮರದ ದೋಣಿಗೆ ಬಳಿದರು, ಬಲೆಗೆ ಹಚ್ಚಿದರು. ಹುಳ ಹಿಡಿಯದಿರಲಿ, ನೀರಿಗೆ ಕೊಳೆಯದಿರಲಿ ಎಂಬುದೇ ಅವರ ಮುಖ್ಯ ಉದ್ದೇಶ.

ಈ ಎಣ್ಣೆಯಲ್ಲಿ ಏನಿದೆ ಎಂದು 1847ರಲ್ಲಿ ಪರೀಕ್ಷಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಗೆಯೋರ್ಗ್ ಸ್ಟೇಡೆಲರ್. ಅದರ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಅದು ಕಾರ್ಡನಾಲ್ ಆಗುತ್ತದೆ. 1920ರ ದಶಕದಲ್ಲಿ ಕೊಲ್ಲಂ, ಮಂಗಳೂರುಗಳಿಂದ ತಿರುಳಿನ ರಫ್ತು ಬೆಳೆಯಿತು. ಅದೇ ಕಾಲದಲ್ಲಿ ಅಮೆರಿಕದ ಮಾರ್ಟಿಮರ್ ಹಾರ್ವೆ ಗೇರೆಣ್ಣೆಯಿಂದ ರಾಳ ತಯಾರಿಸುವ ದಾರಿ ತೋರಿದರು. ಮುಂದೆ ಅದು ವಾಹನಗಳ ಬ್ರೇಕ್ ಪಟ್ಟಿಗೂ ಬಣ್ಣ, ವಾರ್ನಿಷುಗಳಿಗೂ ಸೇರಿತು.

ಇನ್ನು ಬಿಸಿಲಿನ ವಿಚಾರ. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್, ಬಣ್ಣ, ನೂಲುಗಳ ಅಣುಸರಪಳಿಯನ್ನು ಕಡಿಯುತ್ತವೆ. ಅಂಗಳದ ಪ್ಲಾಸ್ಟಿಕ್ ಕುರ್ಚಿ ಬಿರುಕು ಬಿಡುವುದೂ ಬಾಗಿಲಿನ ಬಣ್ಣ ಪುಡಿಯಾಗುವುದೂ ಇದರಿಂದಲೇ. ಅನಕಾರ್ಡಿಕ್ ಆಮ್ಲವೋ, ಸ್ಯಾಲಿಸಿಲಿಕ್ ಆಮ್ಲಕ್ಕೆ ಉದ್ದನೆಯ ಇಂಗಾಲದ ಬಾಲ ಅಂಟಿದಂತಿರುವ ವಸ್ತು. ಇಂಥ ಅಣುಗಳು ಅತಿನೇರಳೆ ಕಿರಣವನ್ನು ಹೀರಿ, ಆ ಶಕ್ತಿಯನ್ನು ಶಾಖವಾಗಿ ಹೊರಬಿಡುತ್ತವೆ. 1928ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಬಿಸಿಲುತಡೆ ಲೇಪನದಲ್ಲೂ ಸ್ಯಾಲಿಸಿಲಿಕ್ ಆಮ್ಲದ ಬಳಗದ ವಸ್ತುವಿತ್ತು.

ಈ ನಂಟನ್ನು 2019ರಲ್ಲಿ ಮುಂದಕ್ಕೊಯ್ದವರು ಜೊಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಡಿ ಕೋನಿಂಗ್ ಮತ್ತು ಸಂಗಡಿಗರು. ಜರ್ಮನಿ, ಮಲಾವಿ, ಟಾಂಜಾನಿಯಾದ ವಿಜ್ಞಾನಿಗಳೂ ಜೊತೆಗಿದ್ದರು. ಪೆಟ್ರೋಲಿಯಂ ಬದಲು ಗೇರೆಣ್ಣೆಯಿಂದಲೇ ಅತಿನೇರಳೆ ಕಿರಣ ಹೀರುವ ಹೊಸ ವಸ್ತುಗಳನ್ನು ಅವರು ತಯಾರಿಸಿದರು. ಚರ್ಮಕ್ಕಷ್ಟೇ ಅಲ್ಲ, ಪ್ಲಾಸ್ಟಿಕ್ ಮತ್ತು ಲೇಪನಗಳ ರಕ್ಷಣೆಗೂ ಇಂಥವು ಬೇಕು.

ಈ ಹಾದಿಯಲ್ಲಿ ಗೇರು ಒಂಟಿಯಲ್ಲ. 2025ರಲ್ಲಿ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ತಂಡ ಕೆಂಪು ಈರುಳ್ಳಿ ಸಿಪ್ಪೆಯ ಬಣ್ಣವನ್ನು ಮರದ ನಾರಿನ ತೆಳು ಹಾಳೆಗೆ ಸೇರಿಸಿ ಸೌರಕೋಶಕ್ಕೆ ಹೊದಿಸಿತು. 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಕಿರಣದಲ್ಲಿ ಶೇ 99.9ರಷ್ಟನ್ನು ಅದು ತಡೆಯಿತು. 1,000 ಗಂಟೆಗಳ ಕೃತಕ ಬೆಳಕಿನ ಪರೀಕ್ಷೆಯನ್ನೂ ತಾಳಿಕೊಂಡಿತು.

ಈ ನಡುವೆ ಕರಾವಳಿಯೇ ಬದಲಾಗಿದೆ. ಗೇರೆಣ್ಣೆ ಕುಡಿಯುತ್ತಿದ್ದ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು, ಹತ್ತಿ ಮತ್ತು ಸೆಣಬಿನ ಬಲೆಯ ಜಾಗಕ್ಕೆ ನೈಲಾನ್ ಬಂದಿವೆ. ಇವುಗಳನ್ನು ಹುಳ ಮುಟ್ಟದು, ಕೊಳೆತವೂ ಬಾರದು. ಇವುಗಳಿಗಿರುವ ಶತ್ರು ಬಿಸಿಲು. ಹಳೆಯ ದೋಣಿಯ ಎಣ್ಣೆಗೆ ಹೊಸ ದೋಣಿಯಲ್ಲೂ ಕೆಲಸ ಸಿಗುವ ಸಾಧ್ಯತೆ ಇರುವುದು ಇಲ್ಲೇ.

ಆದರೆ ಪ್ರಯೋಗಾಲಯದ ಸೀಸೆಯಿಂದ ಬಂದರಿನ ಧಕ್ಕೆಯವರೆಗಿನ ದಾರಿ ದೂರ. ಆ ವಸ್ತು ಅಗ್ಗವಾಗಬೇಕು, ವರ್ಷಗಟ್ಟಲೆ ಬಾಳಬೇಕು, ಚರ್ಮಕ್ಕೂ ಕಡಲಿಗೂ ಕೇಡಾಗಬಾರದು. ಅದೆಲ್ಲ ಸಾಧ್ಯವಾಗಿ ಸಿಪ್ಪೆಗೆ ಬೆಲೆ ಬಂದರೂ, ಅದನ್ನು ಸುಲಿಯುವ ಕೈಗೆ ಮೊದಲು ಒಂದು ಜೊತೆ ಕೈಗವಸು ಸಿಗಬೇಕು.